ಕಲ್ಯಾಣಪುರವೂ ಅದರ ಪರಿಸರದ ದರ್ಶನೀಯ ಸ್ಥಾನಗಳೂ

ಬೀದರ ಜಿಲ್ಲೆಯ ಬಸವಕಲ್ಯಾಣ, ಹುಮನಾಬಾದ ಎಂಬೆರಡು ಊರುಗಳನ್ನು ನೋಡಲು ಹೊರಡುವವರಲ್ಲಿ ಇಬ್ಬಗೆಯವರುಂಟು. ಶರಣರ ನೆಲವೆಂದು ಭಕ್ತಿಯಿಂದ ಬರುವವರು ಕೆಲವರು. ಚಾಲುಕ್ಯ ಚಕ್ರವರ್ತಿಗಳ ರಾಜಧಾನಿಯೆಂದು ಕುತೂಹಲದಿಂದ ಬರುವವರು ಕೆಲವರು. ಮೊದಲನೆಯವರಿಗೆ ಅಲ್ಲಿಯ ಮಣ್ಣೇ ಸಾಕು. ಎರಡನೆಯವರು ಮಾತ್ರ ಬಹುಮಟ್ಟಿಗೆ ನಿರಾಶರಾಗಿ ಹಿಂದಿರುಗುವರು. ಈ ನಿರಾಶೆಗೆ ಕಾರಣವೇನು, ಹನ್ನೊಂದು ಹನ್ನೆರಡನೆಯ ಶತಮಾನಗಳ ಕಲ್ಯಾಣವನ್ನು ಇಂದು ಎಲ್ಲಿ ಅರಸತಕ್ಕುದು ಎಂಬುದು ಇಲ್ಲಿ ವಿಚಾರಣೀಯವಾದ ವಿಷಯ.

ಮಾನ್ಯಖೇಟದಿಂದ ಕಲ್ಯಾಣಕ್ಕೆ ರಾಜಧಾನಿಯನ್ನು ತಂದವನು ಆಹವಮಲ್ಲ ಬಿರುದಿನ ಒಂದನೆಯ ಸೋಮೇಶ್ವರನು (೧೦೪೨–೧೦೬೮). ಅವನ ಮಗ ಆರನೆಯ ವಿಕ್ರಮಾದಿತ್ಯನು ೧೦೭೬ರಲ್ಲಿ ಪಟ್ಟವೇರಿ, ಶಕವರ್ಷವನ್ನು ಬದಿಗೊತ್ತಿ ತನ್ನ ಹೆಸರಿನ ವರ್ಷಗಣನೆಯನ್ನೇ ನಡೆಯಿಸಿ, ೫೦ ವರ್ಷಗಳ ಕಾಲ ಆಳಿದನು. ಕಾಶ್ಮೀರದಿಂದ ಬಂದು ಅವನ ಆಸ್ಥಾನದಲ್ಲಿ ವಿದ್ಯಾಪತಿಯಾದ ಬಿಲ್ಹಣನು ವಿಕ್ರಮಾಂಕದೇವಚರಿತದಲ್ಲಿ, ಆಹವಮಲ್ಲನು ಭೂಮಿಗೆ ಭೂಷಣವಾದ ಕಲ್ಯಾಣಪುರವನ್ನು ಮಾಡಿದನೆಂದು ಹೇಳುವನು. ಇಲ್ಲಿ ‘ಮಾಡಿದನು’ ಎಂಬುದಕ್ಕೆ ಹೊಸದಾಗಿ ಕಟ್ಟಿದನೆಂದು ಅರ್ಥವೋ, ಇದ್ದ ಊರನ್ನು ಬೆಳೆಯಿಸಿದನೆಂದು ಅರ್ಥವೋ ಎಂದು ಕೇಳಬಹುದು. ಕವಿಯ ಕ್ರಿಯಾಪದವು ಎರಡಕ್ಕೂ ಎಡೆಗೊಡುವುದು. ಈ ಕಾವ್ಯದ ಪ್ರತಿಯನ್ನು ಬ್ಯೂಲರ್ ಪಂಡಿತನು ೧೮೭೪ರಲ್ಲಿ ಕಂಡುದು ಕರ್ಣಾಟಕದಲ್ಲಲ್ಲ, ಮರುಭೂಮಿಯ ಜೈಸಲಮೇರಿನ ಜೈನ ಭಂಡಾರದಲ್ಲಿ. ಕನ್ನಡಿಗರ ರಾಜಧಾನಿಯ ವರ್ಣನೆಯನ್ನು ಕಾಶ್ಮೀರದವನು ಬರೆದು ರಾಜಸ್ಥಾನದವರು ಕಾಪಾಡಿದರು!

ಅದೇ ದೊರೆಯ ಕಾಲದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಬರೆದ ಮಿತಾಕ್ಷರೆಯ ಕೊನೆಯಲ್ಲಿ, ಕಲ್ಯಾಣಕ್ಕೆ ಸಮನಾದ ಪುರವು ಹಿಂದೆ ಇರಲಿಲ್ಲ, ಈಗಿಲ್ಲ, ಮುಂದೆಯೂ ಆಗದು ಎಂಬ ಆಶಯವನ್ನಿಟ್ಟಿರುವನು. ಬಂಗಾಳವನ್ನುಳಿದು ಭರತಖಂಡದ ಬಹುಭಾಗದಲ್ಲಿ ದಾಯವಿಭಾಗಕ್ಕೆ ಶತಮಾನಗಳ ಕಾಲ ಪ್ರಮಾಣವಾಗಿದ್ದ ಗ್ರಂಥವು ಈ ಊರಿನ ನೆರಳಿನಲ್ಲಿ ಹುಟ್ಟಿತೆಂಬುದನ್ನು ಪ್ರವಾಸಿಗಳಿಗೆ ದಾರಿ ತೋರುವವರು ಹೇಳುವುದು ಅಪೂರ್ವ.

ಗ್ರಂಥಗಳಲ್ಲಿ ಇಷ್ಟು ಉಜ್ಜ್ವಲವಾದ ನಗರವನ್ನು ನೆನೆದು ಬಂದವನಿಗೆ ಬಸವಕಲ್ಯಾಣದಲ್ಲಿ ಮೊದಲು ಕಾಣುವುದು ಕೋಟೆ. ಆದರೆ ಈಗ ಕಣ್ಣಿಗೆ ಬೀಳುವ ಕೊತ್ತಲಗಳೂ ಬಾಗಿಲುಗಳೂ ಬಹುಪಾಲು ಬಹಮನಿಗಳು ಮತ್ತು ಅವರ ತರುವಾಯದವರ ಕಾಲದ ರಚನೆಗಳು. ೧೬೫೭ರಲ್ಲಿ ರಾಜಕುಮಾರನಾಗಿದ್ದ ಔರಂಗಜೇಬನು ಮುತ್ತಿ ಗೆದ್ದುದು ಈ ಕೋಟೆಯನ್ನೇ. ಅನಂತರ ಇದು ನಿಜಾಮರ ಸೀಮೆಯಲ್ಲಿ ನವಾಬರ ಜಹಗೀರಾಗಿದ್ದಿತು. ಒಳಗಿನ ವಸ್ತುಸಂಗ್ರಹಾಲಯದ ಜೈನಮೂರ್ತಿಗಳು ಮೊದಲಾದವನ್ನು ಬಿಟ್ಟರೆ ಚಾಲುಕ್ಯರ ಅರಮನೆಯನ್ನು ಇಲ್ಲಿ ಹುಡುಕುವುದು ವ್ಯರ್ಥ. ರಾಜಧಾನಿಯು ಮೇಲಿಂದ ಮೇಲೆ ಕೈಬದಲಾದಾಗ ಹಳೆಯ ಕಲ್ಲು ಹೊಸ ಗೋಡೆಗೆ ಸೇರುವುದು ಲೋಕರೂಢಿ. ಆದುದರಿಂದ ಕಲ್ಯಾಣವನ್ನು ಕಲ್ಯಾಣದ ಹೊರಗೆ ನೋಡಬೇಕು. ಸಮೀಪದ ನಾರಾಯಣಪುರದ ಶಿವಾಲಯ, ಉಮಾಪುರದ ಮಹಾದೇವಾಲಯ, ಹುಮನಾಬಾದದ ಬಳಿಯ ಜಲಸಂಗ್ವಿ, ಇವುಗಳಲ್ಲಿ ಆ ಕಾಲದ ಉಳಿಯ ಕೆಲಸವು ಇಂದಿಗೂ ನಿಂತಿದೆ.

ಇವುಗಳಲ್ಲಿ ಜಲಸಂಗ್ವಿಯ ದೇವಾಲಯವು ವಿಶೇಷ ವಿಚಾರಕ್ಕೆ ಯೋಗ್ಯವಾದುದು. ಅದರ ಹೊರಭಿತ್ತಿಯಲ್ಲಿ ಸಾಲಾಗಿ ನಿಂತ ಶಿಲಾಬಾಲಿಕೆಯರಲ್ಲಿ ಒಬ್ಬಳು ನರ್ತಿಸುತ್ತಲೂ ಇಲ್ಲ, ಸಿಂಗರಿಸಿಕೊಳ್ಳುತ್ತಲೂ ಇಲ್ಲ. ಬೆನ್ನನ್ನು ತುಸು ತಿರುಗಿಸಿ ನಿಂತು ಶಾಸನವನ್ನು ಬರೆಯುತ್ತಿರುವಳು. ಬರೆದುದು ವಿಕ್ರಮಾದಿತ್ಯನ ಕೀರ್ತಿ, ಭಾಷೆ ಸಂಸ್ಕೃತ. ಏಳು ದ್ವೀಪಗಳನ್ನೊಳಗೊಂಡ ಭೂತಲವನ್ನು ಚಾಲುಕ್ಯ ವಿಕ್ರಮಾದಿತ್ಯನು, ಏಳನೆಯ ವಿಷ್ಣುವರ್ಧನನು, ಸ್ವೀಕರಿಸುವನು ಎಂಬುದು ಅದರ ತಾತ್ಪರ್ಯ. ಬೇಲೂರಿನ ಹೊಯ್ಸಳ ವಿಷ್ಣುವರ್ಧನನಿಗೂ ಈ ಹೆಸರಿಗೂ ಸಂಬಂಧವಿಲ್ಲವೆಂದು ವಿದ್ಯಾರ್ಥಿಗಳಿಗೆ ಮೊದಲೇ ತಿಳಿಸುವುದು ಒಳಿತು. ಆ ಹೊಯ್ಸಳನು ಈ ವಿಕ್ರಮಾದಿತ್ಯನಿಗೇ ಸಾಮಂತನಾಗಿದ್ದವನು. ಚಾಲುಕ್ಯರಲ್ಲಿ ವಿಷ್ಣುವರ್ಧನನೆಂಬುದು ವೇಂಗಿಯ ಶಾಖೆಯ ಹೆಸರು. ಇಮ್ಮಡಿ ಪುಲಕೇಶಿಯ ತಮ್ಮನಾದ ಕುಬ್ಜ ವಿಷ್ಣುವರ್ಧನನಿಂದ ಮೊದಲಾಗಿ ಆ ಮನೆತನದಲ್ಲಿ ಅದು ಮತ್ತೆ ಮತ್ತೆ ಬಂದಿದೆ. ವಿಕ್ರಮಾದಿತ್ಯನ ಆಳ್ವಿಕೆಯ ಕೊನೆಗಾಲದಲ್ಲಿ, ೧೧೧೮ರ ಸುಮಾರಿಗೆ, ಅವನ ದಂಡನಾಯಕ ಅನಂತಪಾಲನು ವೇಂಗಿಯನ್ನು ಆಳುತ್ತಿದ್ದನು. ಹಾಗಾದರೆ ಜಲಸಂಗ್ವಿಯ ಬಾಲಿಕೆ ಬರೆದುದು ಆ ವಿಜಯದ ಬಳಿಕವೇ?

ಹಾಗೆಂದು ಕೂಡಲೇ ನಿರ್ಣಯಿಸುವುದು ಸರಿಯಲ್ಲ. ಕ್ರಿಯಾಪದವು ಭವಿಷ್ಯತ್ಕಾಲದ್ದು, ಆದ ಗೆಲುವನ್ನು ಕೊಂಡಾಡುವವನು ‘ಸ್ವೀಕರಿಸಿದನು’ ಎನ್ನುವನೇ ಹೊರತು ‘ಸ್ವೀಕರಿಸುವನು’ ಎನ್ನಲಾರನು. ಮೇಲಾಗಿ ಏಳು ದ್ವೀಪ, ಏಳನೆಯ ವಿಷ್ಣುವರ್ಧನ ಎಂಬಲ್ಲಿ ಸಂಖ್ಯೆಯ ಹೊಂದಿಕೆಯನ್ನು ಕವಿಯು ಬೇಕೆಂದೇ ತಂದಂತಿದೆ. ಅಂತಹ ಕಡೆ ‘ಏಳನೆಯ’ ಎಂಬುದನ್ನು ವಂಶಾವಳಿಯ ಲೆಕ್ಕವೆಂದು ಹಿಡಿಯುವುದು ಅಲಂಕಾರವನ್ನು ದಫ್ತರವೆಂದು ಓದಿದಂತಾಗುವುದು. ವೇಂಗಿಯ ಆಶೆ ಆ ಆಸ್ಥಾನದಲ್ಲಿದ್ದಿತೆಂಬಷ್ಟನ್ನು ಮಾತ್ರ ಈ ಶಿಲೆಯಿಂದ ನಿಶ್ಚಯವಾಗಿ ತಿಳಿಯಬಹುದು. ಇನ್ನೊಂದು ಮಾತು: ೧೧೧೭ರ ಬೇಲೂರಿನ ಮದನಿಕೆಯರು ಕಂಬದ ಮೇಲೆ ಓಲಿ ನಿಂತವರು, ಇಲ್ಲಿಯವರು ಗೋಡೆಗೆ ಅಂಟಿ ನಿಂತವರು. ಕೆತ್ತನೆಯ ಸೂಕ್ಷ್ಮದಲ್ಲಿ ಬೇಲೂರು ಮೇಲು; ಮೈಯ ಬಳುಕಿನ ಸಹಜತೆಯಲ್ಲಿ ಜಲಸಂಗ್ವಿಯನ್ನು ಕೀಳೆನ್ನಲಾಗದು.

ಇನ್ನು ಶರಣರ ಕಲ್ಯಾಣ. ತ್ರಿಪುರಾಂತಕ ಕೆರೆ, ಅಕ್ಕನಾಗಮ್ಮನ ಗವಿ, ಅನುಭವಮಂಟಪ ಮುಂತಾದುವನ್ನು ಯಾತ್ರಿಕರು ಕ್ರಮವಾಗಿ ದರ್ಶಿಸುವರು. ಈಗಿರುವ ಅನುಭವಮಂಟಪವು ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರ ಶ್ರಮದ ಫಲ. ೨೦೧೨ರಲ್ಲಿ ೧೦೮ ಅಡಿಯ ಬಸವಮೂರ್ತಿಯು ನಿಂತಿತು. ೨೦೨೧ರ ಜನವರಿಯಲ್ಲಿ ನೂತನ ಮಂಟಪಕ್ಕೆ ಸರಕಾರದಿಂದ ಶಂಕುಸ್ಥಾಪನೆಯಾಯಿತು. ಇವು ಸ್ಮಾರಕಗಳು, ಅವಶೇಷಗಳಲ್ಲ. ಈ ಭೇದವನ್ನು ಮರೆಯದಿದ್ದರೆ ಭಕ್ತಿಗೂ ಚರಿತ್ರೆಗೂ ವಿರೋಧವಿಲ್ಲ.

ಗ್ರಂಥಾಧಾರಗಳಲ್ಲಿಯೂ ಒಂದು ತೊಡಕುಂಟು. ಬಸವಣ್ಣನವರಿಗೆ ಕಾಲದಲ್ಲಿ ಸಮೀಪನಾದ ಹರಿಹರನು ಬಸವರಾಜದೇವರ ರಗಳೆಯಲ್ಲಿ ಬಿಜ್ಜಳನ ಊರಾಗಿ ಹೇಳುವುದು ಮಂಗಳವಾಡವನ್ನು; ಈಗ ಸೊಲ್ಲಾಪುರ ಜಿಲ್ಲೆಯಲ್ಲಿರುವ ಮಂಗಳವೇಢೆ ಅದು. ತರುವಾಯದ ಪುರಾಣಗಳಲ್ಲಿಯೂ, ಹದಿನೈದನೆಯ ಶತಮಾನದ ಶೂನ್ಯಸಂಪಾದನೆಗಳಲ್ಲಿಯೂ ಕಲ್ಯಾಣವೇ ಸರ್ವವೂ ಆಗಿದೆ. ಇದರಿಂದ ಕಲ್ಯಾಣದ ಸಂಬಂಧವನ್ನೇ ಅಲ್ಲಗಳೆಯುವುದು ಸಾಹಸ. ಕಲಚುರಿ ಬಿಜ್ಜಳನು ಮೊದಲು ಚಾಲುಕ್ಯರ ಮಾಂಡಲಿಕನಾಗಿ ಮಂಗಳವಾಡದಲ್ಲಿದ್ದು, ೧೧೬೨ರ ಹೊತ್ತಿಗೆ ಚಕ್ರವರ್ತಿಯ ಬಿರುದುಗಳನ್ನು ತಳೆದನು. ೧೧೬೭ರ ಸುಮಾರಿಗೆ ಅವನ ಆಳ್ವಿಕೆ ಮುಗಿಯಿತು. ಸೇವಕನ ಊರು ಒಂದು, ಸ್ವಾಮಿಯಾದ ಮೇಲಿನ ಊರು ಇನ್ನೊಂದು. ಹರಿಹರನು ಮೊದಲನೆಯದನ್ನು ಹಿಡಿದನು, ಪುರಾಣಕಾರರು ಎರಡನೆಯದನ್ನು ಎಂದರೆ ಎರಡು ಸಾಕ್ಷ್ಯಗಳೂ ನಿಲ್ಲುವುವು. ಬಸವಕಲ್ಯಾಣವನ್ನು ನೋಡಿದವರು ಮಂಗಳವೇಢೆಯನ್ನೂ ನೋಡದೆ ಹಿಂದಿರುಗಬಾರದು.

ಹುಮನಾಬಾದದಲ್ಲಿ ವೀರಭದ್ರೇಶ್ವರನ ಗುಡಿಯೂ, ಊರಿಗೆ ಹತ್ತಿದ ಮಾಣಿಕನಗರವೂ ಪ್ರಸಿದ್ಧ. ಕಲ್ಯಾಣದ ಬಳಿಯ ಲಾಡವಂತಿಯಲ್ಲಿ ೧೮೧೭ರ ದತ್ತಜಯಂತಿಯಂದು ಜನಿಸಿದ ಮಾಣಿಕಪ್ರಭುಗಳು ಇಲ್ಲಿ ನೆಲೆಸಿ, ಯಾವ ಮತವನ್ನೂ ಹಳಿಯದ ಸಕಲಮತವನ್ನು ಬೋಧಿಸಿ, ೧೮೬೫ರಲ್ಲಿ ಸಮಾಧಿಸ್ಥರಾದರು. ಅವರ ಪದಗಳು ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಹರಡಿವೆ. ಕನ್ನಡದ ಪದಗಳನ್ನು ಸಾಹಿತ್ಯದೃಷ್ಟಿಯಿಂದ ಪರೀಕ್ಷಿಸಬಯಸುವವರು ಮಾರ್ಗಶಿರದ ದತ್ತಜಯಂತಿಯ ಉತ್ಸವಕ್ಕೆ ಹೋಗುವುದು ಲೇಸು. ಆಗ ನಡೆಯುವ ಪ್ರಭುದರ್ಬಾರಿನಲ್ಲಿ ಗಾಯಕರು ಸೇರುವರು, ಪದಗಳನ್ನು ರಾಗಸಹಿತವಾಗಿ ಕೇಳಬಹುದು.