ಕೈಲಾಸಂ ಬಿಟ್ಟ ಕೆಲಸ

ಟಿ.ಪಿ. ಕೈಲಾಸಂ ಬಗ್ಗೆ ಕನ್ನಡದಲ್ಲಿ ಹೇಳುವ ಕತೆಗಳಿಗೆ ಕೊನೆಯಿಲ್ಲ. ಮಾತಿನ ಚಟಾಕಿ, ಬೆರಳ ಸಂದಿಯ ಸಿಗರೇಟು, ನಾಟಕವನ್ನು ಬರೆಯದೆ ತಲೆಯಲ್ಲೇ ಹೊತ್ತು ತಿರುಗುತ್ತಿದ್ದುದು, ಕೇಳಲು ಕೂತವರ ಮುಂದೆ ಎಲ್ಲ ಪಾತ್ರಗಳನ್ನೂ ತಾವೇ ಆಡಿ ತೋರಿಸುತ್ತಿದ್ದುದು. ಇವುಗಳ ನಡುವೆ ಒಂದು ಸಂಗತಿ ಮಾತ್ರ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಅವರು ಭೂವಿಜ್ಞಾನಿಯಾಗಿದ್ದರು, ಸರ್ಕಾರಿ ಕೆಲಸದಲ್ಲಿದ್ದರು, ಬಿಟ್ಟರು. ಬಿಟ್ಟದ್ದು ಎಂಥ ಕೆಲಸ? ಬಿಟ್ಟು ಬಂದದ್ದು ಎಲ್ಲಿಗೆ? ತಾಂತ್ರಿಕ ವೃತ್ತಿಯಲ್ಲಿ ನೆಲೆಯಾದವರು ಕಲೆಯ ಕಡೆ ಹೊರಳುವ ಮಾತು ಬೆಂಗಳೂರಿನಲ್ಲಿ ಈಗ ಮನೆಮನೆಯದಾಗಿರುವಾಗ, ಆ ಒಂದು ಸಾಲನ್ನು ಬಿಡಿಸಿ ನೋಡುವುದು ಒಳ್ಳೆಯದು.

1884ರಲ್ಲಿ ಹುಟ್ಟಿದ ಕೈಲಾಸಂ ಮದರಾಸಿನಲ್ಲಿ ಭೂವಿಜ್ಞಾನ ಓದಿ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಸೈನ್ಸ್ ಸೇರಿ, 1915ರಲ್ಲಿ ಊರಿಗೆ ಮರಳಿದರು. ಆಗ ಮೈಸೂರಿನ ದಿವಾನರು ವಿಶ್ವೇಶ್ವರಯ್ಯ. ರಾಜ್ಯದ ಭೂವಿಜ್ಞಾನ ಇಲಾಖೆ 1894ರಲ್ಲೇ ಆರಂಭವಾಗಿತ್ತು. ಕೋಲಾರದಲ್ಲಿ ಚಿನ್ನ ಅಗೆಯುತ್ತಿದ್ದರು, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಳ್ಳುತ್ತಿತ್ತು. ನೆಲದಡಿ ಏನಿದೆ ಎಂದು ಹೇಳಬಲ್ಲವನಿಗೆ ಅಂದು ಇದ್ದ ಬೆಲೆ, ಇಂದು ಸಾಫ್ಟ್‌ವೇರ್ ಬಲ್ಲವರಿಗೆ ಇರುವ ಬೆಲೆಗಿಂತ ಕಡಿಮೆಯದಲ್ಲ. ಕೈಲಾಸಂ ಕೆಲವು ವರ್ಷ ದುಡಿದು ಬಿಟ್ಟದ್ದು ಬರೀ ಸಂಬಳದ ಕೆಲಸವನ್ನಲ್ಲ. ಒಂದು ರಾಜ್ಯ ತನ್ನ ಭವಿಷ್ಯವೆಂದು ನಂಬಿದ್ದ ಕೆಲಸವನ್ನು.

ಅವರ ಮನೆಯಲ್ಲೇ ಇನ್ನೊಂದು ಮಾದರಿ ಇತ್ತು. ತಂದೆ ಟಿ. ಪರಮಶಿವ ಅಯ್ಯರ್ ನ್ಯಾಯಾಧೀಶರು. ಅವರು 1911ರಲ್ಲಿ ಋಗ್ವೇದದ ಮಂತ್ರಗಳನ್ನು ಭೂವಿಜ್ಞಾನದ ಕಣ್ಣಿನಿಂದ ವಿವರಿಸುವ 'ದಿ ರಿಕ್ಸ್' ಎಂಬ ಇಂಗ್ಲಿಷ್ ಗ್ರಂಥ ಪ್ರಕಟಿಸಿದರು. ವಾದವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ಅಪ್ಪನಿಗೆ ನ್ಯಾಯ ವೃತ್ತಿ, ಭೂವಿಜ್ಞಾನ ಹವ್ಯಾಸ. ಮಗನಿಗೆ ಭೂವಿಜ್ಞಾನ ವೃತ್ತಿ, ನಾಟಕ ಹವ್ಯಾಸ. ಅಪ್ಪ ಎರಡನ್ನೂ ಇಟ್ಟುಕೊಂಡರು. ಮಗ ಒಂದನ್ನು ಬಿಟ್ಟರು.

'ವೃತ್ತಿ', 'ಹವ್ಯಾಸ' ಎಂಬ ಈ ಎರಡು ಪದಗಳಲ್ಲೇ ಕತೆಯ ಗಂಟು ಇದೆ. ಕನ್ನಡ ರಂಗಭೂಮಿಯನ್ನು ನಾವು ವೃತ್ತಿ ರಂಗಭೂಮಿ, ಹವ್ಯಾಸಿ ರಂಗಭೂಮಿ ಎಂದು ಎರಡಾಗಿ ಹೇಳುತ್ತೇವೆ. ಗುಬ್ಬಿ ಕಂಪನಿಯಂಥವು ವೃತ್ತಿಯವು: ಪರದೆ, ಪೋಷಾಕು, ಸಾಲು ಸಾಲು ಹಾಡು, ಊರೂರು ಕ್ಯಾಂಪು, ನಟರಿಗೆ ಸಂಬಳ. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಅಮೆಚೂರ್ ಡ್ರಾಮಾಟಿಕ್ ಅಸೋಸಿಯೇಷನ್ನಿನಂಥವು ಹವ್ಯಾಸಿಯವು: ವಕೀಲರು, ಮೇಷ್ಟ್ರುಗಳು, ಗುಮಾಸ್ತರು ಸಂಜೆ ಸೇರಿ ಆಡುವ ನಾಟಕ. ಕೈಲಾಸಂ ಸೇರಿದ್ದು ಸಂಬಳ ಕೊಡುವ ರಂಗಭೂಮಿಯನ್ನಲ್ಲ. ಉಳಿದವರು ನೌಕರಿ ಮಾಡಿಕೊಂಡೇ ಬರುತ್ತಿದ್ದ ಜಾಗಕ್ಕೆ ಅವರು ನೌಕರಿ ಬಿಟ್ಟು ಬಂದರು. ಅಲ್ಲಿ ಚಪ್ಪಾಳೆ ಇತ್ತು, ತಿಂಗಳ ಕೊನೆಗೆ ಕೈಗೆ ಬರುವುದು ಏನೂ ಇರಲಿಲ್ಲ.

ಆದರೆ ಆ ಸಂಜೆಯ ಜನರೇ ಅವರ ನಾಟಕಕ್ಕೆ ಆಕಾರ ಕೊಟ್ಟರು ಎಂಬುದು ನನ್ನ ಗ್ರಹಿಕೆ. 'ಟೊಳ್ಳುಗಟ್ಟಿ', 'ಹೋಂ ರೂಲು', 'ಅಮ್ಮಾವ್ರ ಗಂಡ' ಇವುಗಳಿಗೆ ಅರಮನೆಯ ಪರದೆ ಬೇಡ, ಕಿರೀಟ ಬೇಡ. ಒಂದು ನಡುಮನೆ, ನಾಲ್ಕು ಕುರ್ಚಿ, ದಿನಾ ಉಡುವ ಬಟ್ಟೆ ಸಾಕು. ಕಚೇರಿಯಿಂದ ಬಂದವನು ಕೋಟು ಬಿಚ್ಚದೆಯೇ ರಂಗಕ್ಕೆ ಹತ್ತಬಹುದು. ಆ ನಡುಮನೆ ಪ್ರೇಕ್ಷಕರಿಗೂ ಹೊಸದಲ್ಲ. 1892ರಲ್ಲಿ ಚಾಮರಾಜಪೇಟೆ, ಆ ದಶಕದ ಕೊನೆಯಲ್ಲಿ ಪ್ಲೇಗಿನ ಹೊತ್ತಿಗೆ ಬಸವನಗುಡಿ, ಮಲ್ಲೇಶ್ವರಂ ಬಡಾವಣೆಗಳು ಎದ್ದಿದ್ದವು. ಜಗಲಿಯಿದ್ದ ಆ ಮನೆಗಳಲ್ಲಿ ಇಂಗ್ಲಿಷ್ ಬೆರೆತ ಕನ್ನಡವಾಡುವ ಒಂದು ನೌಕರ ವರ್ಗ ಬೆಳೆದಿತ್ತು. ಕೈಲಾಸಂ ಆ ಮಾತನ್ನೇ ರಂಗಕ್ಕೆ ತಂದರು.

ಬಿಟ್ಟ ಕೆಲಸ ವ್ಯರ್ಥವಾಗಲಿಲ್ಲ ಎಂಬುದಕ್ಕೂ ಗುರುತುಗಳಿವೆ. ಅವರ 'ತಿಪ್ಪಾರಳ್ಳಿ' ಹಾಡಿನ ಹಿಂದಿರುವುದು, ಮೊದಲ ಮಹಾಯುದ್ಧದ ಹೊತ್ತಿಗೆ ಇಂಗ್ಲೆಂಡಿನ ಸಿಪಾಯಿಗಳ ಬಾಯಲ್ಲಿದ್ದ 'ಟಿಪ್ಪರೇರಿ'. ಕಲ್ಲು ಓದಲು ಹೋದವರು ಲಂಡನ್ನಿನ ಧಾಟಿಯನ್ನೂ ಕಿವಿಯಲ್ಲಿ ತುಂಬಿಕೊಂಡು ಬಂದರು. ಇನ್ನು 'ಟೊಳ್ಳುಗಟ್ಟಿ': ಪರೀಕ್ಷೆಯಲ್ಲಿ ಮುಂದಿರುವ ಪುಟ್ಟು, ಹಿಂದುಳಿದ ಮಾಧು, ಮನೆಗೆ ಕಷ್ಟ ಬಂದಾಗ ಟೊಳ್ಳು ಯಾರು, ಗಟ್ಟಿ ಯಾರು ಎಂಬ ಪ್ರಶ್ನೆ. ಪರೀಕ್ಷೆ ಪಾಸು ಮಾಡಲಾಗದವನು ಇದನ್ನು ಬರೆದಿದ್ದರೆ ಹೊಟ್ಟೆಕಿಚ್ಚು ಎನ್ನಬಹುದಿತ್ತು. ವಿಲಾಯತಿಯ ಓದು ಮುಗಿಸಿ ಬಂದವರೇ ಬರೆದದ್ದರಿಂದ ಅದಕ್ಕೆ ತೂಕ ಬಂತು.

ಬೆಲೆಯೂ ತೆತ್ತರು. ನಿಯಮಿತ ಆದಾಯವಿಲ್ಲದ ಬದುಕು ಅವರನ್ನೂ ಮನೆಯವರನ್ನೂ ಹೇಗೆ ಸವೆಸಿರಬಹುದು ಎಂಬುದು ಹಾಸ್ಯದ ಕತೆಗಳಲ್ಲಿ ಕಾಣುವುದಿಲ್ಲ. ಅವರನ್ನು ಹಿಡಿದು ನಿಲ್ಲಿಸಿದ್ದು ಸ್ನೇಹಿತರು. ವ್ಯಾಯಾಮಶಾಲೆ ನಡೆಸುತ್ತಿದ್ದ, ಮುಂದೆ 'ರೂಪದರ್ಶಿ', 'ಶಾಂತಲಾ' ಬರೆದ ಕೆ.ವಿ. ಅಯ್ಯರ್ ಅವರಲ್ಲಿ ಮುಖ್ಯರು. ಅಯ್ಯರ್ ಅವರ 'ರವಿ ಕಲಾವಿದರು' ತಂಡವೂ ಹವ್ಯಾಸಿಗಳದ್ದೇ. 1945ರಲ್ಲಿ ಮದರಾಸಿನ ಸಾಹಿತ್ಯ ಸಮ್ಮೇಳನಕ್ಕೆ ಕೈಲಾಸಂ ಅಧ್ಯಕ್ಷರಾದರು. ಮರುವರ್ಷವೇ ತೀರಿಕೊಂಡರು.

ಮುಂದಿನ ಪೀಳಿಗೆ ಅವರ ದಾರಿ ಹಿಡಿಯಲಿಲ್ಲ, ಅವರ ಸುತ್ತ ಇದ್ದವರ ದಾರಿ ಹಿಡಿಯಿತು. 1940ರಲ್ಲಿ ಎಚ್‌ಎಎಲ್, 1948ರಲ್ಲಿ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್ ಬಂದವು. ಲೇತಿನ ಮುಂದೆ ನಿಂತವರು, ನಕ್ಷೆ ಬರೆಯುವವರು ಸಾವಿರಾರು ಮಂದಿ. ಅವರಿಗೆ ಪಾಳಿ ಇತ್ತು, ಪಾಳಿ ಮುಗಿದರೆ ಸೈರನ್ ಇತ್ತು, ಕಾರ್ಖಾನೆಯ ಕನ್ನಡ ಸಂಘ ಇತ್ತು. 1963ರಲ್ಲಿ ರವೀಂದ್ರ ಕಲಾಕ್ಷೇತ್ರ ತೆರೆಯಿತು. 1972ರಲ್ಲಿ ನಟರಂಗ, 1975ರಲ್ಲಿ ಸಮುದಾಯ. ಎಪ್ಪತ್ತರ ದಶಕದ ಹವ್ಯಾಸಿ ರಂಗಭೂಮಿಯ ಉಬ್ಬರವನ್ನು ನಾವು ಸಾಮಾನ್ಯವಾಗಿ ನಿರ್ದೇಶಕರ, ನಾಟಕಕಾರರ ಹೆಸರಲ್ಲಿ ಹೇಳುತ್ತೇವೆ. ಅದರ ಕೆಳಗಿದ್ದ ಪದರ ಇದು: ಹೊತ್ತಿಗೆ ಸರಿಯಾಗಿ ಮುಗಿಯುವ ಕೆಲಸ, ಬಸ್ಸಿನಲ್ಲಿ ಮುಟ್ಟಬಹುದಾದ ಒಂದು ರಂಗಮಂದಿರ.

ಈ ಸಂಜೆ ಎಲ್ಲರದ್ದೂ ಆಗಿರಲಿಲ್ಲ ಎಂಬುದನ್ನು ಮರೆಯಬಾರದು. ಕೈಲಾಸಂ ಕಾಲದ ಹವ್ಯಾಸಿ ರಂಗದಲ್ಲಿ ಹೆಣ್ಣುಪಾತ್ರಗಳನ್ನು ಎಷ್ಟೋ ಸಲ ಗಂಡಸರೇ ಆಡಿದರು. ಗಂಡಸಿನ ಸಂಜೆ ಬಿಡುವಾಗಿದ್ದುದು ಮನೆಯೊಳಗೆ ಯಾರೋ ಒಲೆಯ ಮುಂದೆ ಇದ್ದುದರಿಂದ. ಚಿಕ್ಕಂದಿನಲ್ಲಿ ಮಲ್ಲೇಶ್ವರದಲ್ಲಿ ಭರತನಾಟ್ಯ ಕಲಿತು, ಎಂಜಿನಿಯರಾಗಿ, ನಲವತ್ತರಲ್ಲಿ ಮತ್ತೆ ಗೆಜ್ಜೆ ಕಟ್ಟುವ ಹೆಣ್ಣುಮಗಳು ಮರಳಿ ಬರುತ್ತಿರುವುದು ಅವಳ ಅಜ್ಜಿಗೆ ತೆರೆದಿರದಿದ್ದ ಬಾಗಿಲಿಗೆ.

ಆ ಬಾಗಿಲು ಈಗ ಬೇರೆ ರೀತಿಯಲ್ಲಿ ಮುಚ್ಚುತ್ತಿದೆ. ಇಂದಿನ ತಾಂತ್ರಿಕ ಕೆಲಸಕ್ಕೆ ಸೈರನ್ ಇಲ್ಲ. ಅಮೆರಿಕದ ಬೆಳಗು ನಮ್ಮ ರಾತ್ರಿಯ ಕಾಲ್ ಆಗುತ್ತದೆ. ವೈಟ್‌ಫೀಲ್ಡಿನಿಂದ ಜೆ.ಸಿ. ರಸ್ತೆಗೆ ಬರುವಷ್ಟರಲ್ಲಿ ತಾಲೀಮು ಮುಗಿದಿರುತ್ತದೆ. ಹಾಗಾಗಿ ಕಲೆ ಬೇಕೆನ್ನುವವರ ಮುಂದೆ ಮತ್ತೆ ಕೈಲಾಸಂ ಆಯ್ಕೆಯೊಂದೇ ಉಳಿಯುತ್ತಿದೆ: ಇರುವುದು ಅಥವಾ ಬಿಡುವುದು. ಬಿಟ್ಟವರನ್ನು ಧೀರರೆಂದು ಹೊಗಳುತ್ತೇವೆ, ಉಳಿದವರಿಗೆ ಆಸೆ ಸಾಲದಾಯಿತು ಎನ್ನುತ್ತೇವೆ. ಇತಿಹಾಸ ಹಾಗೆ ಹೇಳುವುದಿಲ್ಲ. ಕೈಲಾಸಂ ಒಬ್ಬರೇ. ಅವರ ನಾಟಕಗಳನ್ನು ನೂರು ವರ್ಷ ಆಡಿ ಉಳಿಸಿದವರಲ್ಲಿ ಬಹುಪಾಲು ಕೆಲಸ ಬಿಡದವರು, ಆರು ಗಂಟೆಗೆ ಮನೆಗೆ ಬರಲು ಸಾಧ್ಯವಿದ್ದವರು.