ಜಂಗಮವಾಣಿಯ ಸ್ಥಾವರ: ಕರ್ನಾಟಕದಲ್ಲಿ ಮೊಬೈಲ್ ಜಾಲ ಹರಡಿದ ಬಗೆ

ರಾಣಿ ಚೆನ್ನಮ್ಮನ ಹೆಸರಿನೊಡನೆ ನಾವು ನೆನೆಯುವ ಕಿತ್ತೂರಿಗೆ ಭಾರತದ ದೂರವಾಣಿ ಇತಿಹಾಸದಲ್ಲಿಯೂ ಒಂದು ಸ್ಥಾನವಿದೆ. ಸಿ-ಡಾಟ್ ಸಂಸ್ಥೆ ರೂಪಿಸಿದ ಮೊದಲ ಗ್ರಾಮೀಣ ಸ್ವಯಂಚಾಲಿತ ಎಕ್ಸ್‌ಚೇಂಜು 1986ರ ಜುಲೈಯಲ್ಲಿ ಅಲ್ಲಿ ಕೆಲಸ ಆರಂಭಿಸಿತು. ವಿದೇಶಿ ಯಂತ್ರಗಳಿಗೆ ಬೇಕಾಗುತ್ತಿದ್ದ ಹವಾನಿಯಂತ್ರಿತ ಕೊಠಡಿ ಅದಕ್ಕೆ ಬೇಕಿರಲಿಲ್ಲ. ಧೂಳು, ಸೆಕೆ, ಕೈಕೊಡುವ ವಿದ್ಯುತ್ತು ಇವೆಲ್ಲ ಇದ್ದೇ ಇರುತ್ತವೆ ಎಂದು ಒಪ್ಪಿಕೊಂಡೇ ಅದನ್ನು ಕಟ್ಟಲಾಗಿತ್ತು. ಹಳ್ಳಿಯನ್ನು ಯಂತ್ರಕ್ಕೆ ಹೊಂದಿಸದೆ ಯಂತ್ರವನ್ನು ಹಳ್ಳಿಗೆ ಹೊಂದಿಸಿದ್ದು ಅದರ ಹೆಚ್ಚುಗಾರಿಕೆ.

ಒಂಬತ್ತು ವರ್ಷಗಳ ಬಳಿಕ ಬಂದ ಮೊಬೈಲು ಇದಕ್ಕೆ ವಿರುದ್ಧ ದಿಕ್ಕಿನಿಂದ ಬಂತು. 1995ರ ಜುಲೈ 31ರಂದು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ಕೋಲ್ಕತ್ತದಿಂದ ದಿಲ್ಲಿಯಲ್ಲಿದ್ದ ಕೇಂದ್ರ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ನಿಮಿಷಕ್ಕೆ ಸುಮಾರು 16 ರೂಪಾಯಿಯವರೆಗೂ ಬೆಲೆಯಿದ್ದ, ಬಂದ ಕರೆಗೂ ಹಣ ತೆರಬೇಕಿದ್ದ ಸೇವೆ ಅದು. ದಿಲ್ಲಿ, ಮುಂಬಯಿ, ಕೋಲ್ಕತ್ತ, ಚೆನ್ನೈ ಮಹಾನಗರಗಳು ಪ್ರತ್ಯೇಕ ವಲಯಗಳಾದವು; ಉಳಿದ ದೇಶವನ್ನು ‘ಸರ್ಕಲ್’ಗಳಾಗಿ ವಿಂಗಡಿಸಿ, ಗಳಿಕೆಯ ನಿರೀಕ್ಷೆಗೆ ಅನುಗುಣವಾಗಿ ಎ, ಬಿ, ಸಿ ಎಂಬ ದರ್ಜೆಗಳನ್ನು ಕೊಡಲಾಯಿತು. ಕರ್ನಾಟಕ ‘ಎ’ ದರ್ಜೆಯ ಸರ್ಕಲ್. ಬೆಂಗಳೂರಿಗೆ ಪ್ರತ್ಯೇಕ ವಲಯ ಸಿಗದೆ ಅದು ಇದರೊಳಗೇ ಸೇರಿತು. ಹೀಗಾಗಿ ಜೆಟಿ ಮೊಬೈಲ್ಸ್ ಮತ್ತು ಸ್ಪೈಸ್ ಎಂಬ ಮೊದಲಿನ ಎರಡು ಕಂಪನಿಗಳ ಕೈಗೆ ಒಂದೇ ಪರವಾನಗಿಯಲ್ಲಿ ಬೆಂಗಳೂರೂ ಬಂತು, ಆಗುಂಬೆಯೂ ಬಂತು. ಹಣ ಹುಟ್ಟುವ ಜಾಗ ಯಾವುದೆಂದು ಬೇರೆ ಹೇಳಬೇಕಿಲ್ಲ.

ವ್ಯಾಪ್ತಿಯನ್ನು ಅಳೆದ ಕ್ರಮವೂ ಇದಕ್ಕೆ ಒತ್ತಾಸೆಯಾಯಿತು. ಮೊದಲ ವರ್ಷ ಶೇ. 10ರಷ್ಟು, ಮೂರು ವರ್ಷಗಳಲ್ಲಿ ಶೇ. 50ರಷ್ಟು ಜಿಲ್ಲಾ ಕೇಂದ್ರಗಳನ್ನು ತಲುಪಿದರೆ ಪರವಾನಗಿಯ ಷರತ್ತು ಪೂರೈಸಿದಂತೆ. ಜಿಲ್ಲಾ ಕೇಂದ್ರದ ಬದಲು ಅದೇ ಜಿಲ್ಲೆಯ ಇನ್ನೊಂದು ಪಟ್ಟಣವಾದರೂ ಆದೀತು. ಲೆಕ್ಕಕ್ಕೆ ಬಂದದ್ದು ಪಟ್ಟಣ. ತಾಲೂಕಿನ ಒಳಗಿನ ಹಳ್ಳಿಯಲ್ಲ, ತೋಟದ ನಡುವಿನ ಒಂಟಿ ಮನೆಯಂತೂ ಅಲ್ಲವೇ ಅಲ್ಲ. ಹರಾಜಿನಲ್ಲಿ ಕೂಗಿದ ಭಾರೀ ಶುಲ್ಕವನ್ನು ಕಟ್ಟಲಾಗದೆ ಕಂಪನಿಗಳು ಏದುಸಿರು ಬಿಡುತ್ತಿದ್ದ ಕಾಲದಲ್ಲಿ ಷರತ್ತನ್ನು ಮೀರಿ ಹಳ್ಳಿಯ ಕಡೆ ನಡೆಯುವ ಹುಮ್ಮಸ್ಸು ಯಾರಿಗೂ ಇರಲಿಲ್ಲ. ನಿಗದಿತ ಶುಲ್ಕದ ಬದಲು ಆದಾಯದಲ್ಲಿ ಪಾಲು ಎಂಬ ಪದ್ಧತಿ ಬಂದದ್ದು 1999ರ ನೀತಿಯಿಂದ.

ಹೊರನಾಡಿನಲ್ಲಿರುವ ನಮಗೆ ಈ ಸರ್ಕಲ್‌ಗಳ ಗಡಿ ಬೇರೊಂದು ರೀತಿಯಲ್ಲಿ ಪರಿಚಿತ. ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೊರಟವರು ಮುಂಬಯಿ, ಗೋವೆಯೂ ಸೇರಿದ ಮಹಾರಾಷ್ಟ್ರ, ಕರ್ನಾಟಕ ಎಂಬ ಮೂರು ಸರ್ಕಲ್‌ಗಳನ್ನು ದಾಟುತ್ತಿದ್ದರು. ತಮ್ಮದಲ್ಲದ ಸರ್ಕಲ್‌ನಲ್ಲಿ ಮಾತಿಗೆ ರೋಮಿಂಗ್ ಶುಲ್ಕ. ಕಾಸರಗೋಡಿನ ಕನ್ನಡಿಗರು ಕೇರಳ ಸರ್ಕಲ್‌ನವರಾದರು. 2003ರ ಮೇ ತಿಂಗಳಿನಿಂದ ಒಳಬರುವ ಕರೆ ಉಚಿತವಾಯಿತು. 2006ರಲ್ಲಿ ಬಿಎಸ್‌ಎನ್‌ಎಲ್ ಮತ್ತು ಎಂಟಿಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿಯ ದರ ತಂದವು. ದೂರದ ಬೆಲೆ ಹೀಗೆ ಕರಗಿತು. ಆದರೆ ಈ ತುದಿಯಲ್ಲಿ ಮಾತು ಅಗ್ಗವಾದರೂ ಆ ತುದಿಯಲ್ಲಿ ಸಿಗ್ನಲ್ ಇರಬೇಕಲ್ಲ.

ಅದು ಇರದಿರುವುದಕ್ಕೆ ನೆಲದ ಕಾರಣವೂ ಉಂಟು, ತರಂಗದ ಕಾರಣವೂ ಉಂಟು. ಆರಂಭದ ಮೊಬೈಲು ನಡೆದದ್ದು 900 ಮೆಗಾಹರ್ಟ್ಸ್ ತರಂಗಗಳಲ್ಲಿ; ಒಂದು ಗೋಪುರದಿಂದ ಅವು ಬಹುದೂರ ಹೋಗುತ್ತವೆ. 2010ರಲ್ಲಿ ಹರಾಜಾದ 3ಜಿ ತರಂಗಗಳು 2100ರವು. ಅದೇ ವರ್ಷ ಹರಾಜಾಗಿ ಮುಂದೆ 4ಜಿಗೆ ಒದಗಿದವು 2300ರವು. ಇಂದಿನ 5ಜಿ ಹೆಚ್ಚಾಗಿ 3300ರ ಆಸುಪಾಸಿನದು. ಆವರ್ತನ ಏರಿದಂತೆ ಸಾಗಿಸಬಲ್ಲ ಮಾಹಿತಿಗೆ ಅವಕಾಶ ಹಿಗ್ಗುತ್ತದೆ, ಗೋಪುರದ ವ್ಯಾಪ್ತಿ ಕುಗ್ಗುತ್ತದೆ. ಪೇಟೆಯಲ್ಲಿ ಇದಕ್ಕೆ ಪರಿಹಾರ ಸುಲಭ: ಇನ್ನಷ್ಟು ಗೋಪುರ. ಕಣಿವೆಗೊಂದು ಕೇರಿ, ಗುಡ್ಡಕ್ಕೊಂದು ಮನೆ ಇರುವ ಮಲೆನಾಡಿನಲ್ಲಿ ಅದೇ ಪರಿಹಾರ ದುಬಾರಿ. ಅಲ್ಲಿ ಅರಣ್ಯದ ಅನುಮತಿ ಬೇಕು, ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟು ಹೋದಾಗ ಬ್ಯಾಟರಿ ಬೇಕು, ಡೀಸೆಲ್ ಬೇಕು. ಹಳ್ಳಿಗಳಿಗೆ ಬಹಳ ದೂರ ತಲುಪಬಲ್ಲ 700 ಮೆಗಾಹರ್ಟ್ಸ್ ತರಂಗಗಳನ್ನು 2016ರಲ್ಲಿ ಹರಾಜಿಗಿಟ್ಟಾಗ ಬೆಲೆ ಹೆಚ್ಚೆಂದು ಕೊಳ್ಳುವವರೇ ಇರಲಿಲ್ಲ. ಅವು ಮಾರಾಟವಾದದ್ದು 2022ರಲ್ಲಿ.

ಆದ್ದರಿಂದ ಪ್ರತಿಯೊಂದು ‘ಜಿ’ಯೂ ಓಟವನ್ನು ಮತ್ತೆ ಪಟ್ಟಣದಿಂದಲೇ ಆರಂಭಿಸಿತು. ಹಳ್ಳಿ ಒಂದು ಮೆಟ್ಟಿಲು ಹತ್ತುವಷ್ಟರಲ್ಲಿ ನಗರ ಮುಂದಿನದರಲ್ಲಿ ನಿಂತಿರುತ್ತಿತ್ತು. ಮೇಲ್ದರ್ಜೆಗೇರುವುದೆಂದರೆ ಕೆಲವೊಮ್ಮೆ ಹಿಂದಿನದನ್ನು ಕಿತ್ತುಹಾಕುವುದೂ ಹೌದು. ಖಾಸಗಿ ಕಂಪನಿಗಳು 3ಜಿಯನ್ನು ಮುಚ್ಚತೊಡಗಿದಾಗ 4ಜಿ ಫೋನು ಕೊಳ್ಳದವರು ಪುನಃ 2ಜಿಗೆ ಇಳಿದರು.

ಈ ಅಂತರ ಏನೆಂಬುದು ಎಲ್ಲರ ಕಣ್ಣಿಗೆ ಬಿದ್ದದ್ದು ಕೊರೊನಾ ಕಾಲದಲ್ಲಿ. ತರಗತಿಗಳು ಫೋನಿಗೆ ಬಂದಾಗ ಘಟ್ಟದಂಚಿನ ಊರುಗಳ ಮಕ್ಕಳು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿದರು. ಸುಳ್ಯ ತಾಲೂಕಿನಲ್ಲಿ ಸುರಿಮಳೆಯ ನಡುವೆ ರಸ್ತೆಬದಿ ಕುಳಿತು ಪಾಠ ಕೇಳುವ ಮಗಳಿಗೆ ತಂದೆ ಕೊಡೆ ಹಿಡಿದು ನಿಂತ ಚಿತ್ರವನ್ನು 2021ರಲ್ಲಿ ದೇಶವೇ ನೋಡಿತು. ‘ಎ’ ದರ್ಜೆಯ ಸರ್ಕಲ್‌ನೊಳಗಿನ ಚಿತ್ರ ಅದು.

2022ರ ಜುಲೈ 27ರಂದು ಕೇಂದ್ರ ಸಂಪುಟವು ದೇಶದ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟು, ಕೆಲಸವನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು. ಎರಡು ತಿಂಗಳು ಕಳೆದು ಅಕ್ಟೋಬರ್ 1ರಂದು 5ಜಿ ಉದ್ಘಾಟನೆಯಾದಾಗ ಮುಂಬಯಿ, ಬೆಂಗಳೂರು, ಚೆನ್ನೈ, ಹೈದರಾಬಾದುಗಳು ಮೊದಲ ಪಟ್ಟಿಯಲ್ಲೇ ಇದ್ದವು. ಮೊದಲ ಕರೆಯಾಗಿ 27 ವರ್ಷ ಸಂದರೂ ಬಿಟ್ಟುಹೋದ ಹಳ್ಳಿಗಳನ್ನು ಎಣಿಸಬೇಕಾಗಿ ಬಂದದ್ದು ಆಕಸ್ಮಿಕವಲ್ಲ. ಪಟ್ಟಣಗಳನ್ನು ಮಾತ್ರ ಎಣಿಸಿದ ಮೊದಲ ಅಳತೆಗೋಲಿನ ಫಲ ಅದು.

ಮೊಬೈಲಿಗೆ ಕನ್ನಡದಲ್ಲಿ ಯಾರೋ ‘ಜಂಗಮವಾಣಿ’ ಎಂಬ ಸೊಗಸಾದ ಹೆಸರಿಟ್ಟರು. ಚಲಿಸುವುದು ಫೋನು, ಅದನ್ನು ನಡೆಸುವ ಗೋಪುರ ಮಾತ್ರ ಶುದ್ಧ ಸ್ಥಾವರ. ಅದನ್ನು ಎಲ್ಲಿ ನೆಡಬೇಕೆಂಬ ತೀರ್ಮಾನವೇ ಯಾರ ಮಾತು ಚಲಿಸಬೇಕೆಂಬುದನ್ನೂ ತೀರ್ಮಾನಿಸುತ್ತದೆ. ಮಕ್ಕಳೆಲ್ಲ ಮುಂಬಯಿ, ಪುಣೆ ಸೇರಿ, ಊರಿನ ಮನೆಯಲ್ಲಿ ಇಬ್ಬರೇ ವೃದ್ಧರು ಉಳಿದಿರುವ ಕಾಲವಿದು. ಬ್ಯಾಂಕಿನ ಒಟಿಪಿ, ಆಂಬುಲೆನ್ಸಿನ ಕರೆ, ರಾತ್ರಿಯ ಕುಶಲ ಪ್ರಶ್ನೆ ಎಲ್ಲವೂ ಆ ಒಂದು ಗೋಪುರಕ್ಕೆ ಜೋತುಬಿದ್ದಿವೆ. ಮುಂದೆ 6ಜಿ ಬಂದಾಗ ಕೇಳಬೇಕಾದ ಪ್ರಶ್ನೆ ವೇಗ ಎಷ್ಟೆಂಬುದಲ್ಲ. ಎಣಿಕೆ ಎಲ್ಲಿಂದ ಆರಂಭವಾಗುತ್ತದೆ ಎಂಬುದು. ಹಳ್ಳಿಯಿಂದಲೂ ಆರಂಭಿಸಬಹುದೆಂದು ಕಿತ್ತೂರು 1986ರಲ್ಲೇ ತೋರಿಸಿಕೊಟ್ಟಿದೆ.