ಕಾಡನ್ನು ಕೊಂಡು ಉಳಿಸಿದ ಚಾರಣಿಗರು

ಕಾಡು ಬೆಟ್ಟಗಳಲ್ಲಿ ಅಲೆಯುವುದನ್ನು ನಾವು ಚಾರಣ ಎನ್ನುತ್ತೇವೆ. ಆಸ್ಟ್ರೇಲಿಯದವರು ಬುಷ್‌ವಾಕಿಂಗ್ ಎನ್ನುತ್ತಾರೆ. ಅದು ಉಳ್ಳವರ ರಜಾದಿನದ ಶೋಕಿ ಎಂದು ಭಾವಿಸುವವರು ಸಿಡ್ನಿಯ ಪಶ್ಚಿಮಕ್ಕಿರುವ ಬ್ಲೂ ಮೌಂಟನ್ಸ್ ಬೆಟ್ಟಸಾಲಿನ ಚರಿತ್ರೆಯತ್ತ ಒಮ್ಮೆ ಕಣ್ಣು ಹಾಯಿಸಬೇಕು.

ಅಲ್ಲಿ ಮೊದಲು ಇಳಿಯಬೇಕು, ಆಮೇಲೆ ಹತ್ತಬೇಕು. ಬ್ಲ್ಯಾಕ್‌ಹೀತ್ ಊರಿನ ಬಳಿಯ ಪೆರಿಸ್ ಲುಕ್‌ಡೌನ್‌ನಿಂದ ಗ್ರೋಸ್ ನದಿಯ ಕಣಿವೆಗೆ 600 ಮೀಟರಿಗೂ ಮಿಗಿಲಾದ ಕಡಿದಾದ ಇಳಿಜಾರು. ಇಳಿಯುವಾಗ ಮೊಣಕಾಲು ನಡುಗುತ್ತದೆ, ಮರಳುವಾಗ ಉಸಿರು ಕಟ್ಟುತ್ತದೆ. ಕಣಿವೆಯ ತಳದಲ್ಲಿರುವುದು ಬ್ಲೂ ಗಮ್ ಕಾಡು. ನಮ್ಮಲ್ಲಿ ನೀಲಗಿರಿಯೆಂದರೆ ಸಾಲಾಗಿ ನೆಟ್ಟು ಕಡಿಯುವ ತೋಪು. ಅದೇ ಕುಲದ ಈ ಮರಗಳು ತಮ್ಮ ತವರು ನೆಲದಲ್ಲಿ, ನುಣುಪಾದ ಕಾಂಡ ಹೊತ್ತು ಮುಗಿಲೆತ್ತರಕ್ಕೆ ಬೆಳೆದು ನಿಂತಿವೆ.

1931ರ ಈಸ್ಟರ್ ರಜೆಯಲ್ಲಿ ಅಲನ್ ರಿಗ್ಬಿ ಮತ್ತು ಸಂಗಡಿಗರು ಅಲ್ಲಿ ತಂಗಿದ್ದರು. ಆ ನೆಲವನ್ನು ಗುತ್ತಿಗೆ ಪಡೆದಿದ್ದ ಹಂಗರ್‌ಫರ್ಡ್ ಎಂಬ ರೈತ ಮರಗಳನ್ನು ಕಡಿದು ಅಕ್ರೋಟು ಬೆಳೆಯಲು ಹೊರಟಿದ್ದ. ಚಾರಣಿಗರು ಅವನನ್ನು ಖಳನಾಯಕನನ್ನಾಗಿ ಮಾಡಲಿಲ್ಲ; ಅವನಿಗೂ ಹೊಟ್ಟೆಪಾಡಿದೆ ಎಂದು ತಿಳಿದು ಚೌಕಾಸಿಗೆ ಕುಳಿತರು. ಗುತ್ತಿಗೆ ಬಿಟ್ಟುಕೊಡಲು 130 ಪೌಂಡ್ ಎಂದು ತೀರ್ಮಾನವಾಯಿತು. ಜಗತ್ತೇ ಆರ್ಥಿಕ ಕುಸಿತದಲ್ಲಿ ತತ್ತರಿಸುತ್ತಿದ್ದ ಕಾಲವದು. ಆದರೂ ಮೌಂಟನ್ ಟ್ರೇಲ್ಸ್ ಕ್ಲಬ್ ಮತ್ತು ಸಿಡ್ನಿ ಬುಷ್ ವಾಕರ್ಸ್ ಸದಸ್ಯರು ಹಣ ಹೊಂದಿಸಿದರು. 1932ರಲ್ಲಿ ಸರ್ಕಾರ ಆ ಕಾಡನ್ನು ಸಾರ್ವಜನಿಕರಿಗಾಗಿ ಮೀಸಲಿಟ್ಟಿತು. ನಕ್ಷೆ ಬರೆಯುತ್ತ, ಮನವಿ ಸಲ್ಲಿಸುತ್ತ ದಶಕಗಳ ಕಾಲ ದುಡಿದ ಮೈಲ್ಸ್ ಡನ್ಫಿಯವರ ಕನಸು 1959ರಲ್ಲಿ ಬ್ಲೂ ಮೌಂಟನ್ಸ್ ರಾಷ್ಟ್ರೀಯ ಉದ್ಯಾನವಾಯಿತು. 2000ದಲ್ಲಿ ಆ ಪ್ರದೇಶ ವಿಶ್ವ ಪರಂಪರೆಯ ಪಟ್ಟಿ ಸೇರಿತು.

ಆದರೆ ಚರಿತ್ರೆ ಇಷ್ಟಕ್ಕೇ ಮುಗಿಯುವುದಿಲ್ಲ. ಗುತ್ತಿಗೆ ಕೊಡಲು ಆ ನೆಲ ಸರ್ಕಾರದ್ದಾದದ್ದು ಹೇಗೆ? 1813ರಲ್ಲಿ ಮೂವರು ಬಿಳಿಯರು ಈ ಬೆಟ್ಟಗಳನ್ನು ದಾಟಿದ್ದನ್ನು ಸಾಹಸವೆಂದು ಕೊಂಡಾಡಲಾಯಿತು. ಅದಕ್ಕೂ ಸಾವಿರಾರು ವರ್ಷ ಮೊದಲೇ ದರುಗ್ ಮತ್ತು ಗುಂಡುಂಗುರ್ರಾ ಜನ ಅಲ್ಲಿ ನಡೆದಾಡುತ್ತಿದ್ದರು. ಅವರ ವಂಶಸ್ಥರು ನೆಲ ಕಳೆದುಕೊಂಡು ಕಟೂಂಬಾ ಊರಂಚಿನ 'ಗಲ್ಲಿ' ಎಂಬ ತಗ್ಗಿನಲ್ಲಿ ಗುಡಿಸಲು ಕಟ್ಟಿಕೊಂಡಿದ್ದರು. 1957ರಲ್ಲಿ ಕಾರು ರೇಸಿನ ಟ್ರ್ಯಾಕಿಗಾಗಿ ಅಲ್ಲಿಂದಲೂ ಅವರನ್ನು ಎಬ್ಬಿಸಲಾಯಿತು. ಆ ಜಾಗವನ್ನು ಮೂಲನಿವಾಸಿಗಳ ಮಹತ್ವದ ತಾಣವೆಂದು ಘೋಷಿಸಿದ್ದು 2002ರಲ್ಲಿ.

ಮರಗಳಿಗೆ 130 ಪೌಂಡ್ ಕೊಡುವವರು ಸಿಕ್ಕರು; ಮನುಷ್ಯರ ಪಾಲಿಗೆ ಅಂಥವರು ಬರಲಿಲ್ಲ. ಚಾರಣಿಗರ ದೊಡ್ಡತನ ಇದರಿಂದ ಕುಗ್ಗುವುದಿಲ್ಲ. ಆದರೆ ಕಾಡನ್ನು ಉಳಿಸುವ ಮಾತು ಎಲ್ಲೇ ಬರಲಿ, ಅಲ್ಲಿ ಮೊದಲು ನಡೆದವರು ಈಗ ಎಲ್ಲಿದ್ದಾರೆ ಎಂಬ ಪ್ರಶ್ನೆಯನ್ನೂ ಜೊತೆಗೇ ಕೇಳಬೇಕಾಗುತ್ತದೆ.